ನಾನು ಹ್ಯಾಂಡ್‌ಬ್ರೇಕ್ ಎಳೆದಿದ್ದೆ

ಮೊದಲೇ ಹೇಳಿಬಿಡುತ್ತೇನೆ: ನಾನು ಹ್ಯಾಂಡ್‌ಬ್ರೇಕ್ ಎಳೆದಿದ್ದೆ. ಕಟಕಟನೆ ಲಿವರಿನ ಹಲ್ಲು ಹತ್ತುವ ಸದ್ದು ಕೇಳಿಸುವ ಹಾಗೆ ಎಳೆದು, ಸಾಲದೆಂದು ಇನ್ನೊಮ್ಮೆ ಜಗ್ಗಿ, ಆಮೇಲೆಯೇ ಇಳಿದಿದ್ದೆ. ವಾಮಂಜೂರಿನಲ್ಲಿ ಮಾವನ ಮನೆಯ ಗೇಟು ಮುರಿದ ಹೊತ್ತಿಗೆ ನಾನು ಜೀಪಿನ ಒಳಗೆ ಇರಲೂ ಇಲ್ಲ. ಮಾವನ ಮೊಮ್ಮಗುವಿನ ನಾಮಕರಣದ ಊಟಕ್ಕೆ ಪಂಕ್ತಿಯಲ್ಲಿ ಕೂತು, ಎಲೆಯ ಮೇಲಿನ ಪಾಯಸ ಹರಿದು ಹೋಗದ ಹಾಗೆ ಬೆರಳಿನಿಂದ ತಡೆಯುತ್ತಿದ್ದೆ. ಆಗ ಹೊರಗೆ ಧಡಾರ್ ಎಂದಿತು.

ಮಾವ ಅಂದರೆ ಅಮ್ಮನ ತಮ್ಮ. ನಮ್ಮಲ್ಲಿ ತಾಯಿಯ ಕಡೆಯ ಮಾವನ ಮಾತಿಗೆ ತೂಕ ಹೆಚ್ಚು, ಅದು ಅವರಿಗೂ ಚೆನ್ನಾಗಿ ಗೊತ್ತು. ಬಂದರಿನ ಕೆಲಸದಿಂದ ನಿವೃತ್ತರಾದ ಮೇಲೆ ಕಡಲ ಕರೆಯ ಉಪ್ಪುಗಾಳಿ ಸಾಕೆಂದು ವಾಮಂಜೂರಿನ ಇಳಿಜಾರಿನಲ್ಲಿ ಮನೆ ಕಟ್ಟಿಸಿದ್ದಾರೆ. ರಸ್ತೆ ಮೇಲಿನಿಂದ ಇಳಿದು ಬಂದು ನೇರ ಅವರ ಗೇಟಿಗೆ ಮುಟ್ಟುತ್ತದೆ. ಗೇಟಿನ ಎರಡೂ ಬಾಗಿಲಿಗೆ ಒಂದೊಂದು ಕಬ್ಬಿಣದ ನವಿಲು. ನಾನು ಜೀಪನ್ನು ಮೇಲೆ, ತಿರುವಿನ ಹತ್ತಿರ ನಿಲ್ಲಿಸಿ ಬಂದಿದ್ದೆ. ಅದು ಯಾರೂ ಇಲ್ಲದೆ ತಾನೇ ಇಳಿದು ಬಂದು ಎಡಗಡೆಯ ನವಿಲಿನ ಕುತ್ತಿಗೆ ಮುರಿದಿತ್ತು. ದೇವರ ದಯೆ, ದಾರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ಹ್ಯಾಂಡ್‌ಬ್ರೇಕ್ ಹಾಕ್ಲಿಕ್ಕೆ ಮರೆತದ್ದು," ಎಂದರು ಮಾವ, ಪಂಚೆ ಎತ್ತಿ ಕಟ್ಟಿಕೊಳ್ಳುತ್ತಾ.

"ಮರೀಲಿಲ್ಲ ಮಾವ. ಎಳೆದಿದ್ದೆ."

"ಎಳೆದಿದ್ರೆ ಗಾಡಿ ಹೇಗೆ ಬಂತು? ಪಾಯಸದ ಪರಿಮಳಕ್ಕೆ ನಡ್ಕೊಂಡು ಬಂತಾ?"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾನು ಕೈ ತೊಳೆದು ಓಡುವಷ್ಟರಲ್ಲಿ ಮಾವನ ಅಳಿಯ ಜೀಪು ಹತ್ತಿ ಅದನ್ನು ಹಿಂದಕ್ಕೆ ತೆಗೆದಾಗಿತ್ತು. ನೀನು ಹತ್ತುವಾಗ ಲಿವರ್ ಮೇಲಿತ್ತೋ ಕೆಳಗಿತ್ತೋ ಎಂದು ಕೇಳಿದೆ. "ಗಡಿಬಿಡಿಯಲ್ಲಿ ನೋಡ್ಲಿಲ್ಲ ಅಕ್ಕ," ಎಂದ. ನನಗಿದ್ದದ್ದು ಒಂದೇ ಸಾಕ್ಷಿ, ಅದೂ ಅವನ ಕೈಯಲ್ಲಿ ಹೋಯಿತು. ಮೈಯೆಲ್ಲ ಉರಿದು ಹೋಯಿತು ನನಗೆ.

ಗೇರಿನಲ್ಲಿ ಯಾಕೆ ನಿಲ್ಲಿಸಲಿಲ್ಲ ಎಂದು ಅಲ್ಲಿ ಎಲ್ಲರೂ ಕೇಳಿದರು, ನೀವೂ ಕೇಳಬಹುದು. ಕಡಲ ಕರೆಯಲ್ಲಿ ಗಾಡಿ ಓಡಿಸಿ ಕಲಿತವರು ಗೇರಿನಲ್ಲಿ ನಿಲ್ಲಿಸುವುದಿಲ್ಲ. ಗಾಡಿಯನ್ನು ಮರಳಿನ ಮೇಲೆ ಬಿಟ್ಟು ನೀವು ಬಲೆಯ ಹತ್ತಿರ ಹೋಗಿರುತ್ತೀರಿ, ಅಷ್ಟರಲ್ಲಿ ದೊಡ್ಡ ಅಲೆಯೊಂದು ನುಗ್ಗಿ ಬರುತ್ತದೆ. ಹತ್ತಿರ ಇದ್ದವರು ಗಾಡಿಯನ್ನು ನೂಕಿ ಮೇಲೆ ತರಬೇಕು. ಒಳಗೆ ಹತ್ತಿ ಗೇರು ಹುಡುಕುತ್ತಾ ಕೂರುವಷ್ಟು ಪುರುಸೊತ್ತನ್ನು ಅಲೆ ಕೊಡುವುದಿಲ್ಲ, ಕೈ ಚಾಚಿ ಹ್ಯಾಂಡ್‌ಬ್ರೇಕ್ ಬಿಟ್ಟರೆ ಸಾಕು ಎಂದಿರಬೇಕು. ಅದಕ್ಕೇ ಯಾವಾಗಲೂ ನ್ಯೂಟ್ರಲ್. ಅಪ್ಪ ನನಗೆ ಕಲಿಸಿದ್ದು ಹಾಗೆ, ನನ್ನ ಕೈಗೆ ಅಂಟಿದ್ದೂ ಹಾಗೆಯೇ.

ನಮ್ಮ ಮನೆ ಇರುವುದು ಪಣಂಬೂರಿನ ಹತ್ತಿರ, ಬಾಗಿಲು ತೆರೆದರೆ ಕಡಲು ಕಾಣುವಲ್ಲಿ. ಮನೆಮಾತು ತುಳು. ಇಲ್ಲಿರುವ ಮಾತುಗಳನ್ನೆಲ್ಲ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಕೆಲವು ಬೈಗುಳ ಮಾತ್ರ ತುಳುವಿನಲ್ಲೇ ಉಳಿದುಕೊಂಡಿವೆ, ಅವನ್ನು ನೀವೇ ಊಹಿಸಿಕೊಳ್ಳಿ. ಮದುವೆ ನನಗೆ ಒಗ್ಗಲಿಲ್ಲ, ಬೇಗನೇ ಅಮ್ಮನ ಮನೆಗೆ ವಾಪಸು ಬಂದೆ. ಆ ಕತೆ ಇಲ್ಲಿ ಬೇಡ. ದಡದಲ್ಲಿ ನಿಂತು ಉದ್ದ ಬಲೆ ಎಳೆಯುವ ಕೈರಂಪಣಿಯವರು ಬೆಳಿಗ್ಗೆ ಮರಳಿಗೆ ತಂದು ಸುರಿಯುವ ಮೀನನ್ನು ಅಲ್ಲೇ ಕೊಂಡು, ಮಂಜುಗಡ್ಡೆ ಹಾಕಿ, ಬಲ್ಮಠದ ಕಡೆಯ ಹೋಟೆಲುಗಳಿಗೆ ಮುಟ್ಟಿಸುವುದು ನನ್ನ ಕೆಲಸ. ಮರಳಿಗೆ ಆಟೋ ಬರುವುದಿಲ್ಲ, ಟೆಂಪೋ ಬಂದರೆ ಹೂತು ಹೋಗುತ್ತದೆ. ನಾಲ್ಕೂ ಚಕ್ರ ಎಳೆಯುವ ನಮ್ಮ ಹಳೆಯ ಜೀಪು ಮಾತ್ರ ಬರುತ್ತದೆ. ಮಳೆಗಾಲದ ಮೊದಲು ಕೇರಿಯ ದೋಣಿಗಳನ್ನು ಅಲೆ ಮುಟ್ಟದಷ್ಟು ಮೇಲಕ್ಕೆ ಎಳೆಯುವುದೂ ಅದೇ. ಜೀಪು ಹೋದರೆ ನನ್ನ ಕೆಲಸವೂ ಹೋಯಿತು. ಆಮೇಲೆ ನಾನು ರಸ್ತೆ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಯಾರದೋ ಟೆಂಪೋದ ದಾರಿ ಕಾಯಬೇಕು.

ಮಾವ ಮರುದಿನವೇ ನಮ್ಮ ಮನೆಗೆ ಬಂದರು. ಜಗಲಿಯಲ್ಲಿ ಕೂತು, ಕೊಟ್ಟ ನೀರನ್ನು ಕುಡಿಯುವ ಮೊದಲೇ ಶುರು ಮಾಡಿದರು.

"ಜೀಪಿಗೆ ಒಬ್ಬರು ಸಿಕ್ಕಿದ್ದಾರೆ. ಸುರತ್ಕಲ್ ಆಚೆ ಹೋಮ್‌ಸ್ಟೇ ಕಟ್ತಾ ಇದ್ದಾರೆ. ಓಡಿಸ್ಲಿಕ್ಕೆ ಅಲ್ಲ, ಶೋಕಿಗೆ. ಎದುರಿಗೆ ನಿಲ್ಲಿಸಿ ಹಳದಿ ಬಣ್ಣ ಹೊಡೀತಾರಂತೆ. ಬಾನೆಟ್ಟಿನ ಮೇಲೆ ಹೂವಿನ ಕುಂಡ ಇಡ್ತಾರಂತೆ. ಬಂದವರು ಒಟ್ಟಿಗೆ ನಿಂತು ಫೋಟೋ ತೆಗೆಸಿಕೊಳ್ಳುದು."

"ಅಪ್ಪನ ಜೀಪಿನ ಮೇಲೆ ಹೂವಿನ ಕುಂಡವಾ?"

"ಮತ್ತೆ ಎಂತ, ಜನರ ಮೇಲೆ ಹತ್ತಿಸ್ತೀಯಾ? ಇವತ್ತು ನವಿಲು, ನಾಳೆ ಮನುಷ್ಯರು. ಹೆಂಗಸರ ಕೈಯಲ್ಲಿ ಇಂಥ ಗಾಡಿ ಇರುದೇ ಬೇಡ." ಅಮ್ಮನ ಕಡೆ ತಿರುಗಿದರು. "ಅಕ್ಕ, ಆದಿತ್ಯವಾರ ಅವರನ್ನು ನಮ್ಮ ಮನೆಗೆ ಕರೆದಿದ್ದೇನೆ. ನೀನು ಬಂದು ಒಂದು ಸೈನ್ ಹಾಕಿದ್ರೆ ಆಯ್ತು."

ಅಪ್ಪ ತೀರಿಕೊಂಡ ಮೇಲೆ ಜೀಪು ಅಮ್ಮನ ಹೆಸರಿನಲ್ಲಿದೆ. ಅಮ್ಮ ಮೆಟ್ಟುಕತ್ತಿಯ ಮಣೆಯ ಮೇಲೆ ಕೂತು ಬಂಗುಡೆ ಮೀನು ಕೊಯ್ಯುತ್ತಿದ್ದಳು. ಅವಳು ತಲೆಯೆತ್ತಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಅಮ್ಮ, ಕೇಳು. ತಪ್ಪು ನನ್ನದಲ್ಲ, ಬ್ರೇಕಿನದ್ದು. ಬ್ರೇಕನ್ನು ನಾನೇ ಸರಿ ಮಾಡ್ತೇನೆ. ಆದಿತ್ಯವಾರ ಅದೇ ಇಳಿಜಾರಿನಲ್ಲಿ, ಅದೇ ಗೇಟಿನ ಎದುರು, ನ್ಯೂಟ್ರಲ್ ಮಾಡಿ ಹ್ಯಾಂಡ್‌ಬ್ರೇಕಿನಲ್ಲಿ ನಿಲ್ಲಿಸಿ ತೋರಿಸ್ತೇನೆ. ನಿಂತರೆ ಗಾಡಿ ನಮ್ಮಲ್ಲೇ ಇರ್ತದೆ. ನಿಲ್ಲದಿದ್ರೆ ಸೈನ್ ಹಾಕು, ನಾನು ಬಾಯಿ ಬಿಡುದಿಲ್ಲ."

"ನೀನು ಬ್ರೇಕ್ ಸರಿ ಮಾಡುದಾ?" ಮಾವ ತೊಡೆ ತಟ್ಟಿ ನಕ್ಕರು. "ಆಯ್ತು ಮಾರಾಯ್ತಿ. ವೆಲ್ಡಿಂಗಿನವನಿಗೆ ಹೇಳಿ ಇಡ್ತೇನೆ, ಎರಡು ನವಿಲಿಗೂ."

ಅಮ್ಮ ಮೀನಿನ ತಲೆಯನ್ನು ಬದಿಗೆ ಹಾಕಿ, "ಆಗ್ಲಿ. ಆದಿತ್ಯವಾರ ನೋಡುವ," ಎಂದಳು. ಅಷ್ಟೇ. ನನ್ನ ಪರವಾಗಿ ಒಂದೇ ಒಂದು ಮಾತು ಆಡಲಿಲ್ಲ. ಮಾವ ನಕ್ಕದ್ದಕ್ಕಿಂತ ಅದು ನನ್ನನ್ನು ಹೆಚ್ಚು ನೋಯಿಸಿತು. ಆ ರಾತ್ರಿ ನಾನು ಅವಳ ಹತ್ತಿರ ಸರಿಯಾಗಿ ಮಾತಾಡಲೂ ಇಲ್ಲ.

ಇಂಥ ಹಳೆಯ ಜೀಪುಗಳಿಗೆ ಹಿಂದೆ ಡ್ರಮ್ ಬ್ರೇಕ್ ಇರುವುದು. ಡ್ರಮ್ಮಿನ ಒಳಗೆ ಮರಳೂ ಉಪ್ಪುನೀರೂ ಹೊಕ್ಕರೆ ಹೊರಗೆ ಬರುವುದಿಲ್ಲವೆಂದು ಅಪ್ಪ ಹಟ ಹಿಡಿದು ಹಿಂದಕ್ಕೂ ಡಿಸ್ಕ್ ಹಾಕಿಸಿದ್ದರು. ಡಿಸ್ಕ್ ಅಂದರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ. ಅದನ್ನು ಎರಡೂ ಬದಿಯಿಂದ ಕಚ್ಚಿ ಹಿಡಿಯುವುದು ಪ್ಯಾಡ್. ಪ್ಯಾಡುಗಳನ್ನು ಒಳಗಿಟ್ಟುಕೊಂಡು ಒತ್ತುವುದು ಕ್ಯಾಲಿಪರ್. ನಮ್ಮ ಜೀಪಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದರೆ ಹಿಡಿಯುವುದೂ ಇದೇ ಹಿಂದಿನ ಪ್ಯಾಡುಗಳು. ಅಪ್ಪ ಚಕ್ರ ಬಿಚ್ಚಿದಾಗಲೆಲ್ಲ ಟಾರ್ಚ್ ಹಿಡಿಯುವವಳು ನಾನೇ. ಅವರ ಕಣ್ಣು ಮಂಜಾದ ಮೇಲೆ ಟಾರ್ಚ್ ಅವರ ಕೈಗೂ ಸ್ಪ್ಯಾನರ್ ನನ್ನ ಕೈಗೂ ಬಂತು.

ಕೂಳೂರಿನ ಕಡೆಯ ಒಂದು ಗ್ಯಾರೇಜಿಗೆ ಫೋನ್ ಮಾಡಿ ನೋಡಿದೆ, ಅಪ್ಪನಿಗೆ ಪರಿಚಯದವರೆಂದು.

"ಮಳೆಗಾಲ ಬಂತಲ್ವಾ ಅಕ್ಕ, ಊರಿನ ಗಾಡಿ ಪೂರಾ ಇಲ್ಲೇ ಉಂಟು. ಈ ವಾರ ಆಗ್ಲಿಕ್ಕಿಲ್ಲ. ಹಿಂದಿನ ಬ್ರೇಕ್ ಅಲ್ವಾ, ಅದು ಅಷ್ಟು ಅರ್ಜೆಂಟ್ ಎಂತ ಇಲ್ಲ."

"ಅರ್ಜೆಂಟ್ ಉಂಟಾ ಇಲ್ವಾ ಅಂತ ವಾಮಂಜೂರಿನ ನವಿಲಿನ ಹತ್ತಿರ ಕೇಳಿ," ಎಂದು ಫೋನ್ ಇಟ್ಟೆ. ಅವರಿಗೆ ಏನೂ ಅರ್ಥವಾಗಿರಲಿಕ್ಕಿಲ್ಲ. ನನಗೆ ಮಾತ್ರ ಸ್ವಲ್ಪ ಹಗುರಾಯಿತು.

ಸ್ಪೇರ್ ಪಾರ್ಟ್ಸ್ ಅಂಗಡಿಯವರು ಡಿಸ್ಕ್ ಎರಡನ್ನೂ ಪ್ಯಾಡಿನ ಪೆಟ್ಟಿಗೆಯನ್ನೂ ಮೇಜಿನ ಮೇಲೆ ಇಟ್ಟು, ಅವುಗಳ ಮೇಲೆ ಕೈ ಇಟ್ಟುಕೊಂಡೇ ಕೇಳಿದರು, "ಯಾರು ಹಾಕುದು ಇದನ್ನು?"

"ನಾನು."

"ಮನೆಯಲ್ಲಿ ಗಂಡಸರು ಯಾರೂ ಇಲ್ವಾ?"

"ಇದ್ದಾರೆ. ಅವರಿಗೆ ಡಿಸ್ಕ್ ಯಾವುದು, ದೋಸೆ ಕಾವಲಿ ಯಾವುದು ಅಂತ ಗೊತ್ತಾಗುದಿಲ್ಲ."

ಅಂಗಡಿಯವರು ನಕ್ಕು ಕೈ ತೆಗೆದರು.

ಶುಕ್ರವಾರ ಹೋಟೆಲುಗಳಿಗೆ ಮೀನು ಮುಟ್ಟಿಸಿ ಬಂದವಳೇ ಹಳೆಯ ನೈಟಿಯ ಮೇಲೆ ಅಪ್ಪನ ಅಂಗಿ ಹಾಕಿಕೊಂಡೆ. ಮುಂದಿನ ಚಕ್ರಗಳಿಗೆ ಕೆಂಪು ಮುರಕಲ್ಲು ಅಡ್ಡ ಕೊಟ್ಟೆ. ಹಿಂದಿನ ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಿ, ಹಲಗೆಯ ಮೇಲೆ ಜಾಕಿ ಇಟ್ಟು ಎತ್ತಿದೆ. ಜಾಕಿಯೊಂದನ್ನೇ ನಂಬಿ ಗಾಡಿಯ ಅಡಿಗೆ ಕೈ ಹಾಕಬಾರದು ಎಂದು ಅಪ್ಪ ಬೈದು ಬೈದು ಕಲಿಸಿದ್ದರು, ಹಾಗಾಗಿ ದೋಣಿ ಎಳೆಯುವಾಗ ಅಡಿಗೆ ಹಾಕುವ ಮರದ ದಿಮ್ಮಿಗಳನ್ನು ಆ್ಯಕ್ಸಲಿನ ಕೆಳಗೆ ಪೇರಿಸಿದೆ. ಚಕ್ರ ಬಿಚ್ಚಿದೆ.

ನೋಡಿದರೆ ಕಣ್ಣಿಗೆ ಕಾಣುವ ಹೊರಗಡೆಯ ಪ್ಯಾಡ್ ಚೆನ್ನಾಗಿಯೇ ಇತ್ತು. ಒಳಗಡೆಯದು ಸವೆದು ಸವೆದು ಬರೀ ತಗಡು ಉಳಿದಿತ್ತು. ಕ್ಯಾಲಿಪರ್ ಆಚೀಚೆ ಜಾರಬೇಕಾದ ಪಿನ್ನು ಉಪ್ಪಿಗೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಅದಕ್ಕೇ ಒಂದೇ ಬದಿ ತಿಕ್ಕಿದೆ. ಡಿಸ್ಕಿನ ಒಳಮೈಯಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳು, ಅಂಚಿನಲ್ಲಿ ತುಕ್ಕಿನ ಹಕ್ಕಳೆ. ಇನ್ನೊಂದು ಚಕ್ರದ ಗತಿಯೂ ಅದೇ. ಇಷ್ಟನ್ನು ಇಟ್ಟುಕೊಂಡು ಲಿವರನ್ನು ಆಕಾಶಕ್ಕೆ ಎಳೆದರೂ ಗಾಡಿ ಇಳಿಜಾರಿನಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಸಿಟ್ಟು ಬರಬೇಕಿತ್ತು, ನನಗೆ ಖುಷಿಯಾಯಿತು. ಆ ತಗಡನ್ನು ಅಲ್ಲಿಂದಲೇ ಫೋಟೋ ತೆಗೆದು ಮಾವನಿಗೆ ಕಳಿಸಿದೆ. ಅವರು ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ.

ಕ್ಯಾಲಿಪರಿನ ಕೆಳಗಿನ ಬೋಲ್ಟು ಜಪ್ಪಯ್ಯ ಎಂದರೂ ಕದಲಲಿಲ್ಲ. ಡೀಸೆಲ್ ಹಾಕಿ ನೆನೆಸಿದೆ, ಬೈದೆ, ಕೊನೆಗೆ ಸ್ಪ್ಯಾನರಿನ ಬಾಲಕ್ಕೆ ನೀರಿನ ಪೈಪು ತೂರಿಸಿ ಮೈಭಾರ ಪೂರಾ ಹಾಕಿದೆ. ಟಕ್ಕೆಂದು ಬಿಟ್ಟಾಗ ನಾನು ಅಂಗಳದಲ್ಲಿ ಅಂಗಾತ ಬಿದ್ದಿದ್ದೆ. ದಾರಿಯಲ್ಲಿ ಹೋಗುತ್ತಿದ್ದವರು, "ಎಂತ ಆಯ್ತು?" ಎಂದು ಕೇಳಿದರು. "ಗೆದ್ದೆ," ಎಂದೆ. ಕ್ಯಾಲಿಪರಿನ ಭಾರ ಬ್ರೇಕ್ ಎಣ್ಣೆಯ ಪೈಪಿನ ಮೇಲೆ ಬೀಳದ ಹಾಗೆ ಅದನ್ನು ಬಲೆಯ ಹಗ್ಗದಲ್ಲಿ ಮೇಲಕ್ಕೆ ಕಟ್ಟಿದೆ. ಡಿಸ್ಕ್ ತುಕ್ಕಿನಿಂದ ಚಕ್ರದ ನಡುವಿನ ಹಬ್‌ಗೆ ಅಂಟಿಕೊಂಡಿತ್ತು. ಸುತ್ತಿಗೆಯಲ್ಲಿ ಸುತ್ತಲೂ ಬಡಿದೆ, ಒಂದೊಂದು ಪೆಟ್ಟಿಗೆ ಒಂದೊಂದು ಸಲ ಮಾವನ ಪಾಯಸದ ಮಾತನ್ನು ನೆನೆಸಿಕೊಂಡೆ, ಬಂತು.

ಹೊಸ ಪ್ಯಾಡು ದಪ್ಪ, ಅದಕ್ಕೆ ಜಾಗ ಆಗಬೇಕಾದರೆ ಪ್ಯಾಡನ್ನು ಒತ್ತುತ್ತಾ ಹೊರಗೆ ಬಂದಿರುವ ಪಿಸ್ಟನನ್ನು ಒಳಗೆ ಕಳಿಸಬೇಕು. ಹ್ಯಾಂಡ್‌ಬ್ರೇಕ್ ಇರುವ ಕ್ಯಾಲಿಪರಿನಲ್ಲಿ ಅದನ್ನು ಒತ್ತಿದರೆ ಹೋಗುವುದಿಲ್ಲ, ಎಷ್ಟು ಬಲ ಹಾಕಿದರೂ ಹೋಗುವುದಿಲ್ಲ. ತಿರುಗಿಸುತ್ತಾ ತಿರುಗಿಸುತ್ತಾ ಒಳಗೆ ಇಳಿಸಬೇಕು. ಅದಕ್ಕೆಂದೇ ಅಪ್ಪ ಅರದಿಂದ ಉಜ್ಜಿ ಮಾಡಿಟ್ಟ ಎರಡು ಕೊಂಬಿನ ಕಬ್ಬಿಣದ ತುಂಡು ಅವರ ಡಬ್ಬಿಯಲ್ಲಿ ಇತ್ತು. ಅದನ್ನು ಹಿಡಿದಾಗ ಮಾತ್ರ ಸ್ವಲ್ಪ ಹೊತ್ತು ಕೂತೆ. ಅಪ್ಪ ಇದ್ದಿದ್ದರೆ ಏನೂ ಹೊಗಳುತ್ತಿರಲಿಲ್ಲ, ಗ್ರೀಸ್ ಎಲ್ಲಿ ಎಂದು ಕೇಳುತ್ತಿದ್ದರು. ಪಿನ್ನುಗಳನ್ನು ಉಜ್ಜಿ ಗ್ರೀಸ್ ಹಾಕಿದೆ.

ಹೊಸ ಡಿಸ್ಕುಗಳಿಗೆ ತುಕ್ಕು ಹಿಡಿಯಬಾರದೆಂದು ಕಂಪನಿಯವರು ತೆಳ್ಳಗೆ ಎಣ್ಣೆ ಹಚ್ಚಿ ಕಳಿಸಿರುತ್ತಾರೆ. ಅದನ್ನು ಪೆಟ್ರೋಲಿನಲ್ಲಿ ಒರೆಸುತ್ತಿದ್ದಾಗ ಅಮ್ಮ ಬಂದು ನಿಂತಳು.

"ಹಚ್ಚಿ ಕೊಟ್ಟ ಎಣ್ಣೆಯನ್ನು ಒರೆಸಿ ತೆಗೀತಾ ಇದ್ದೀಯಾ?"

"ತೆಗೀಲೇಬೇಕು ಅಮ್ಮ. ಇದು ಒಣಗಿಯೇ ಇರ್ಬೇಕು."

"ಹೊಸ ಕಬ್ಬಿಣ. ಕಡಲ ಗಾಳಿ. ಬೆಳಗಾಗುವಾಗ ಕೆಂಪಾಗ್ತದೆ ನೋಡು."

"ಆದ್ರೆ ಆಗ್ಲಿ. ಬ್ರೇಕ್ ಹಿಡಿದ್ರೆ ಆ ಕೆಂಪು ತನ್ನಷ್ಟಕ್ಕೇ ಹೋಗ್ತದೆ."

ಅಮ್ಮ ಮೂಗು ಮುರಿದು ಒಳಗೆ ಹೋದಳು. ಅವಳ ಮೇಲೆ ನನಗೆ ಇನ್ನೂ ಸಿಟ್ಟಿತ್ತು, ಬಿಡಿಸಿ ಹೇಳುವ ತಾಳ್ಮೆ ಇರಲಿಲ್ಲ.

ಅಮ್ಮನ ಈ ಮಾತು ಅರ್ಥವಾಗಬೇಕಾದರೆ ನಮ್ಮ ಮನೆಗಳ ಎಣ್ಣೆಯ ವಿಷಯ ತಿಳಿದಿರಬೇಕು. ನಮ್ಮಲ್ಲಿ ಯಾವ ಕಬ್ಬಿಣವನ್ನೂ ಮರವನ್ನೂ ಒಣಗಲು ಬಿಡುವುದಿಲ್ಲ. ಬೂತಾಯಿ ಮೀನನ್ನು ಕುದಿಸಿ ತೆಗೆದ ಎಣ್ಣೆ ಮನೆಯ ಹಿಂದೆ ಒಂದು ಡಬ್ಬಿಯಲ್ಲಿ ಯಾವಾಗಲೂ ಇರುತ್ತದೆ. ಕತ್ತಿಗೆ, ಲಂಗರಿಗೆ, ಬಾಗಿಲಿನ ಕೀಲಿಗೆ ಅದೇ. ಮರದ ದೋಣಿಗಳ ಕಾಲದಲ್ಲಿ ಮಳೆಗಾಲಕ್ಕೆ ದೋಣಿ ಮೇಲೆ ಬಂದ ಮೇಲೆ ಮನೆಯ ಹಿರಿಯ ಹೆಂಗಸು ತೆಂಗಿನ ನಾರಿನ ಕುಂಚ ಹಿಡಿದು ಅದರ ಮೈಯಿಡೀ ಬಳಿಯುತ್ತಿದ್ದಳು. ಮತ್ತೆ ಕಡಲಿಗೆ ಇಳಿಯುವ ದೋಣಿಗೆ ಮಾತ್ರ. ಮಾರಲು ಇಟ್ಟ ದೋಣಿಗೆ ಯಾರೂ ಬಳಿಯುತ್ತಿರಲಿಲ್ಲ. ಒಣಗಿ ಬೆಳ್ಳಗಾದ ದೋಣಿ ಕಂಡರೆ ಅದು ಕೊಡುವುದಕ್ಕಿದೆ ಎಂದು ಕೇರಿಯಲ್ಲಿ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ. ಈಗ ಎಲ್ಲ ಫೈಬರ್ ದೋಣಿ, ಎಣ್ಣೆ ಯಾರಿಗೂ ಬೇಡ. ಅಮ್ಮನ ಡಬ್ಬಿಯೂ ಕುಂಚವೂ ಮಾತ್ರ ಇದ್ದಲ್ಲೇ ಇವೆ.

ಶನಿವಾರ ಸಂಜೆಗೆ ಎರಡೂ ಕಡೆಯ ಕೆಲಸ ಮುಗಿಯಿತು. ಪೆಡಲ್ ಮೆತ್ತಗಿದ್ದದ್ದು ಗಟ್ಟಿಯಾಗುವ ತನಕ ತುಳಿದೆ, ಹ್ಯಾಂಡ್‌ಬ್ರೇಕಿನ ಕೇಬಲ್ ಬಿಗಿ ಮಾಡಿದೆ. ಆಮೇಲೆ ಬಂದರಿನ ಕಡೆಯ ಖಾಲಿ ರಸ್ತೆಯಲ್ಲಿ ಓಡಿಸಿ, ಮೆಲ್ಲ ಮೆಲ್ಲ ಹಿಡಿದು ಬಿಟ್ಟು, ಪ್ಯಾಡಿಗೂ ಡಿಸ್ಕಿಗೂ ಪರಿಚಯ ಮಾಡಿಸಿದೆ. ಕೊನೆಗೆ ಕಡಲಿನಿಂದ ರಸ್ತೆಗೆ ಹತ್ತುವ ಏರಿನ ನಡುವೆ ನಿಲ್ಲಿಸಿ, ಲಿವರ್ ಎಳೆದು, ನ್ಯೂಟ್ರಲ್ ಮಾಡಿ ಇಳಿದೆ. ಜೀಪು ಕದಲಲಿಲ್ಲ. ಮುಂದಿನಿಂದ ಹೆಗಲು ಕೊಟ್ಟು ಕೆಳಕ್ಕೆ ನೂಕಿದೆ. ಕದಲಲಿಲ್ಲ. ಒಬ್ಬಳೇ ನಿಂತು ಬೊಬ್ಬೆ ಹೊಡೆದೆ. ಬಲೆ ಹೆಣೆಯುತ್ತಿದ್ದವರು ತಿರುಗಿ ನೋಡಿದರು, ನೋಡಲಿ.

ಆದಿತ್ಯವಾರ ಬೆಳಿಗ್ಗೆ ನಡೆದುಕೊಂಡೇ ಕಡಲ ಕರೆಗೆ ಹೋಗಿ, ಇವತ್ತು ನನಗೆ ಮೀನು ಬೇಡ ಎಂದು ಬಲೆಯವರಿಗೆ ಹೇಳಿ ಬಂದೆ. ವಾಪಸು ಬರುವಾಗ ಅಮ್ಮ ಒಳ್ಳೆಯ ಸೀರೆ ಉಟ್ಟು, ತಲೆಗೆ ಮಲ್ಲಿಗೆ ಮುಡಿದು ಜೀಪಿನ ಮುಂದಿನ ಸೀಟಿನಲ್ಲಿ ಕೂತಾಗಿತ್ತು. ಸೈನ್ ಹಾಕಲು ಇಷ್ಟು ಅವಸರವಾ ಎಂದು ಮನಸ್ಸಿನಲ್ಲೇ ಬೈದೆ. ಕಾವೂರು ದಾಟಿ ವಾಮಂಜೂರು ಮುಟ್ಟುವ ತನಕ ನಾವಿಬ್ಬರೂ ಮಾತಾಡಲಿಲ್ಲ. ಗಾಡಿಯಲ್ಲಿ ಮೀನಿನ ವಾಸನೆ ಇತ್ತು, ಆದರೆ ನಮ್ಮ ಗಾಡಿಯಲ್ಲಿ ಅದು ಯಾವತ್ತು ಇರಲಿಲ್ಲ?

ಮಾವ ಗೇಟಿನ ಒಳಗೆ ಕುರ್ಚಿ ಹಾಕಿಸಿ, ಹೋಮ್‌ಸ್ಟೇಯವರನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಅಳಿಯನೂ ಇದ್ದ. ಮುರಿದ ನವಿಲಿಗೆ ವೆಲ್ಡಿಂಗ್ ಆಗಿತ್ತು, ಕುತ್ತಿಗೆ ಸ್ವಲ್ಪ ಸೊಟ್ಟ. ನಾನು ಇಳಿಜಾರಿನಲ್ಲಿ ಗೇಟಿಗೆ ಮುಖ ಮಾಡಿ ನಿಲ್ಲಿಸಿದೆ. ಎಲ್ಲರಿಗೂ ಕಾಣುವ ಹಾಗೆ ಲಿವರ್ ಎಳೆದೆ.

"ಈ ಸಲ ನೋಡು. ಲಿವರ್ ಮೇಲೆ ಉಂಟು," ಎಂದು ಮಾವನ ಅಳಿಯನಿಗೆ ಕೂಗಿ ಹೇಳಿದೆ. ನ್ಯೂಟ್ರಲ್ ಮಾಡಿದೆ. ಪೆಡಲಿನಿಂದ ಕಾಲು ತೆಗೆದೆ.

ಜೀಪು ನಿಂತಿತು. ಹಿಡಿದಿದ್ದ ಉಸಿರು ಬಿಡುವಷ್ಟರಲ್ಲಿ ಮೆಲ್ಲಗೆ, ಸದ್ದೇ ಇಲ್ಲದೆ, ಜಾರತೊಡಗಿತು. ನವಿಲು ಹತ್ತಿರ ಹತ್ತಿರ ಬಂತು. ಪೆಡಲ್ ಒತ್ತಿದೆ, ಮುಂದಿನ ಚಕ್ರಗಳು ಹಿಡಿದವು.

"ಸಾಕು ಮಾರಾಯ್ತಿ, ಸಾಕು! ಮೊನ್ನೆಯಷ್ಟೇ ವೆಲ್ಡಿಂಗ್ ಮಾಡಿಸಿದ್ದು!" ಮಾವ ಕುರ್ಚಿಯಿಂದ ಎದ್ದೇಬಿಟ್ಟಿದ್ದರು. ಅಳಿಯ ಓಡಿ ಬಂದು ಚಕ್ರಕ್ಕೆ ಕಲ್ಲು ಕೊಟ್ಟ. ನಾನು ಗೇರಿಗೆ ಹಾಕಿ ಇಳಿದೆ. ನಿನ್ನೆ ನಿಂತದ್ದು ಇವತ್ತು ಯಾಕೆ ನಿಲ್ಲಲಿಲ್ಲ? ಬೋಲ್ಟು, ಕೇಬಲ್, ಪಿಸ್ಟನ್, ಮನಸ್ಸಿನಲ್ಲಿ ಒಂದೊಂದನ್ನೇ ಮುಟ್ಟಿ ನೋಡಿದೆ. ಯಾವುದನ್ನೂ ನಾನು ತಪ್ಪು ಮಾಡಿರಲಿಲ್ಲ.

ಆಗ ಮಾವನ ಮನೆಯ ಬೆಕ್ಕು ಬಾಲ ಎತ್ತಿಕೊಂಡು ಬಂತು. ಸೀದಾ ಹಿಂದಿನ ಚಕ್ರದ ಹತ್ತಿರ ಹೋಗಿ, ಮೂಸಿ, ರಿಮ್ಮನ್ನು ನೆಕ್ಕಲು ಶುರು ಮಾಡಿತು.

ನಾನು ಕೂತು ರಿಮ್ಮಿನ ತೂತಿನೊಳಗೆ ಬೆರಳು ಹಾಕಿದೆ. ಅಂಟಂಟು. ಮೂಗಿಗೆ ಹಿಡಿದೆ. ಬೂತಾಯಿ ಎಣ್ಣೆ. ತಲೆಯೆತ್ತಿ ಅಮ್ಮನ ಕಡೆ ನೋಡಿದೆ. ಅವಳು ಇನ್ನೂ ಸೀಟಿನಲ್ಲೇ ಕೂತಿದ್ದಳು.

"ಕೆಂಪಾಗಿತ್ತು ಮಗಾ," ಎಂದಳು. "ಬೆಳಿಗ್ಗೆ ನೋಡುವಾಗ ನೀನು ಹಾಕಿದ ಹೊಸ ಕಬ್ಬಿಣ ಪೂರಾ ಕೆಂಪು. ನೀನು ಕರೆಗೆ ಹೋದಾಗ ಚಕ್ರದ ತೂತಿನಿಂದ ಕುಂಚ ತೂರಿಸಿ ಹಚ್ಚಿದೆ. ಎರಡೂ ಕಡೆ."

"ಅಮ್ಮಾ! ಬ್ರೇಕಿಗೆ ಯಾರಾದ್ರೂ ಎಣ್ಣೆ ಹಚ್ತಾರಾ? ಜಾರಬಾರದು ಅಂತ ಇರುದೇ ಅದು!" ಅಷ್ಟು ಜನರ ಎದುರು ಅಮ್ಮನ ಮೇಲೆ ಕಿರುಚಿದೆ. ಸಿಟ್ಟಿಗೆ ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು. ಮಾವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹೋಮ್‌ಸ್ಟೇಯವರೂ ನಕ್ಕರು. ಅವರ ಕಣ್ಣು ಆಗಲೇ ಬಾನೆಟ್ಟಿನ ಅಗಲ ಅಳೆಯುತ್ತಿತ್ತು.

"ಅಕ್ಕ, ಪಂಥ ಮುಗೀತು," ಎಂದು ಮಾವ ಕಿಸೆಯಿಂದ ಪೆನ್ನು ತೆಗೆದರು. "ಎಣ್ಣೆಯೋ ನೀರೋ, ಗಾಡಿ ನಿಲ್ಲಲಿಲ್ಲ. ಬಾ, ಸೈನ್ ಹಾಕು."

ನಿಲ್ಲದಿದ್ದರೆ ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟವಳು ನಾನು. ಹಲ್ಲು ಕಚ್ಚಿ ನಿಂತೆ. ಮಾತು ಕೊಟ್ಟದ್ದಕ್ಕೆ ನನ್ನ ಮೇಲೆಯೇ ಕೆಟ್ಟ ಸಿಟ್ಟು ಬಂತು.

ಅಮ್ಮ ಪೆನ್ನನ್ನು ನೋಡಿದಳು, ತೆಗೆದುಕೊಳ್ಳಲಿಲ್ಲ. ಸೀಟಿನಿಂದ ಇಳಿಯಲೂ ಇಲ್ಲ.

"ತಮ್ಮಾ, ನೀನೂ ಕಡಲ ಕರೆಯಲ್ಲೇ ಹುಟ್ಟಿದವ ಅಲ್ವಾ?"

"ಹೌದು. ಅದಕ್ಕೆಂತ ಈಗ?"

"ಮಾರುವ ದೋಣಿಗೆ ನಮ್ಮಲ್ಲಿ ಯಾರಾದ್ರೂ ಎಣ್ಣೆ ಹಚ್ಚಿದ್ದು ನೋಡಿದ್ದೀಯಾ?"

ಮಾವನ ನಗು ನಿಂತಿತು. ಪೆನ್ನು ಕೈಯಲ್ಲೇ ಇತ್ತು.

"ನಾನು ಬೆಳಿಗ್ಗೆ ಎಣ್ಣೆ ಹಚ್ಚಿದ್ದೇನೆ," ಎಂದಳು ಅಮ್ಮ.

ನನಗೆ ಅದು ಒಳಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಈ ಇಳಿಜಾರಿಗೆ ಬರುವ ಮೊದಲೇ, ಗಾಡಿ ನಿಲ್ಲುತ್ತದೋ ಇಲ್ಲವೋ ಎಂದು ನೋಡುವ ಮೊದಲೇ, ಅವಳು ಡಬ್ಬಿ ತೆರೆದು ಕುಂಚ ಅದ್ದಿದ್ದಳು. ನಾನು ಹೊಟ್ಟೆಯೊಳಗೆ ಬೈಯುತ್ತಾ ಓಡಾಡುತ್ತಿದ್ದೆ, ಅವಳು ತೀರ್ಮಾನ ಮಾಡಿ ಮುಗಿಸಿದ್ದಳು.

"ಹಾಗಾದ್ರೆ ಈ ಪಂಥ ಎಲ್ಲ ಎಂತಕ್ಕೆ?" ಎಂದರು ಮಾವ.

"ಪಂಥ ಕಟ್ಟಿದ್ದು ಅವಳು. ನಾನು ನೋಡುವ ಅಂದದ್ದು ಮಾತ್ರ." ಅಮ್ಮ ಹೋಮ್‌ಸ್ಟೇಯವರ ಕಡೆ ತಿರುಗಿದಳು. "ನೀವು ಚಾ ಕುಡಿದು ಹೋಗಿ. ಹೂವು ಇಡ್ಲಿಕ್ಕೆ ನಿಮಗೆ ಬೇರೆ ಎಂತದಾದ್ರೂ ಸಿಗ್ತದೆ."

ವಾಪಸು ಬರುವಾಗ ನಾನು ಮುಂದಿನ ಬ್ರೇಕನ್ನೇ ನಂಬಿ ಆಮೆಯ ಹಾಗೆ ಓಡಿಸಿದೆ. ಹಿಂದಿನವರೆಲ್ಲ ಹಾರ್ನ್ ಹೊಡೆದರು. ಕಾವೂರಿನ ಹತ್ತಿರ ಅಮ್ಮ ಕೇಳಿದಳು, "ಪೂರಾ ಹಾಳಾಯ್ತಾ?"

"ಪ್ಯಾಡು ಎಣ್ಣೆ ಕುಡಿದಿದೆ, ಬಿಸಾಡ್ಬೇಕು. ಡಿಸ್ಕಿಗೆ ಎಂತ ಆಗ್ಲಿಲ್ಲ, ತೊಳೆದ್ರೆ ಹೋಗ್ತದೆ."

"ಒಣಗಿದ್ರೆ ನೋಡ್ಲಿಕ್ಕೆ ಆಗುದಿಲ್ಲ ಮಾರಾಯ್ತಿ ನನಗೆ," ಎಂದಳು. ನಾನು ಒಂದು ಕೈಯನ್ನು ಸ್ಟೇರಿಂಗಿನಿಂದ ತೆಗೆದು ಅವಳ ಮೊಣಕಾಲಿನ ಮೇಲೆ ಇಟ್ಟೆ.

ಸೋಮವಾರ ಅಂಗಡಿಯವರು, "ಇಷ್ಟು ಬೇಗ ಸವೀತಾ?" ಎಂದರು. "ಸವೀಲಿಲ್ಲ. ಎಣ್ಣೆ ಸ್ನಾನ ಆಯ್ತು ಅದಕ್ಕೆ," ಎಂದೆ. ಡಿಸ್ಕುಗಳನ್ನು ಮತ್ತೆ ಬಿಚ್ಚಿ, ನಮ್ಮ ಕೇರಿಯ ಬೆಕ್ಕುಗಳು ಮೂಸಿ ನೋಡಿ ಬೇಡವೆಂದು ತಿರುಗಿ ಹೋಗುವ ತನಕ ಪೆಟ್ರೋಲಿನಲ್ಲಿ ತೊಳೆದೆ. ಹೊಸ ಪ್ಯಾಡು ಹಾಕಿದೆ. ಚಕ್ರ ಬಿಟ್ಟು ಉಳಿದದ್ದೆಲ್ಲ ನಿನ್ನದು ಎಂದು ಅಮ್ಮನಿಗೆ ಹೇಳಿದೆ. ಅವಳು ಬಾನೆಟ್ಟಿನ ಕೀಲಿನಿಂದ ಹಿಡಿದು ದೋಣಿ ಎಳೆಯುವ ಕೊಕ್ಕೆಯ ತನಕ ಒಂದು ಇಂಚು ಬಿಡದೆ ಬಳಿದಳು. ಮಳೆಗೆ ಮೊದಲು ಕೇರಿಯ ದೋಣಿಗಳನ್ನೆಲ್ಲ ಎಳೆದು ಮೇಲೆ ಹಾಕಿದ್ದೂ ಅದೇ ಜೀಪು.

ಗಾಡಿ ಉಳಿಯಿತು, ಸರಿ. ಅದನ್ನು ಉಳಿಸಿದ್ದು ಅಮ್ಮನ ಎಣ್ಣೆ. ನಾನು ಹ್ಯಾಂಡ್‌ಬ್ರೇಕ್ ಎಳೆದಿದ್ದೆ ಎಂಬ ನನ್ನ ಮಾತನ್ನು ಮಾತ್ರ ಇನ್ನೂ ಯಾರೂ ನಂಬಿರಲಿಲ್ಲ. ಅಷ್ಟಕ್ಕೇ ಸುಮ್ಮನಿರುವವಳು ನಾನಲ್ಲ. ಒಂದು ಬೆಳಿಗ್ಗೆ ಹೋಟೆಲುಗಳಿಗೆ ಮೀನು ಕೊಟ್ಟವಳೇ, ಯಾರೂ ಕರೆಯದೆ, ಸೀದಾ ವಾಮಂಜೂರಿಗೆ ಹೋದೆ. ಅದೇ ಇಳಿಜಾರಿನಲ್ಲಿ, ನವಿಲಿನ ಮೂತಿಗೆ ಎದುರಾಗಿ ಜೀಪು ನಿಲ್ಲಿಸಿದೆ. ಲಿವರ್ ಎಳೆದೆ, ನ್ಯೂಟ್ರಲ್ ಮಾಡಿದೆ, ಇಳಿದೆ.

ಮಾವ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ನನ್ನನ್ನು ನೋಡಿದರು, ಜೀಪನ್ನು ನೋಡಿದರು. ಎದ್ದು ಹೂವಿನ ಪಾತಿಯ ಬದಿಯಿಂದ ಒಂದು ಮುರಕಲ್ಲು ಎತ್ತಿಕೊಂಡು ಬಂದು ಮುಂದಿನ ಚಕ್ರದ ಅಡಿಗೆ ಇಟ್ಟರು.

"ಆ ಕಲ್ಲು ತೆಗೀರಿ ಮಾವ."

"ಇರ್ಲಿ, ಇದ್ರೆ ಎಂತ ನಷ್ಟ?"

"ಅದು ಇದ್ರೆ ಗಾಡಿಯನ್ನು ಕಲ್ಲು ನಿಲ್ಲಿಸಿದ್ದು ಅಂತ ಆಗ್ತದೆ."

ಮಾವ ನನ್ನ ಮುಖ ನೋಡಿದರು. ನಾನೂ ಕಣ್ಣು ತೆಗೆಯಲಿಲ್ಲ. ಆಮೇಲೆ ಅವರು ಮೊಣಕಾಲಿಗೆ ಕೈ ಊರಿ ಬಗ್ಗಿ, ಇಟ್ಟ ಕಲ್ಲನ್ನು ತಾವೇ ಎಳೆದು ತೆಗೆದರು. ಕಲ್ಲು ಕೈಯಲ್ಲಿ ಹಿಡಿದುಕೊಂಡು, ಜೀಪು ಜಾರುತ್ತದೋ ಎಂದು ಕಾದರು. ಜೀಪು ಕೂದಲೆಳೆಯಷ್ಟೂ ಕದಲಲಿಲ್ಲ.

"ಆ ದಿನವೂ ಎಳೆದಿದ್ದೆಯಾ?" ಎಂದು ಕೇಳಿದರು.

"ಎಳೆದಿದ್ದೆ."

"ಹೂಂ," ಎಂದರು. "ಬಾ ಒಳಗೆ, ಚಾ ಕುಡಿ."

ನಾನು ಒಳಗೆ ಹೋಗಿ, ಗೇಟಿಗೆ ಬೆನ್ನು ಹಾಕಿ ಕೂತು, ಚಾ ಕುಡಿದೆ.